ಕೋಳಿಗೂಡು ಕಾಯುವ ಗೂಡಕ್ಕನ ಸಿಟ್ಟು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸಾಲುಮನೆಗಳ ಹಿಂದಿನ ಓಣಿಯಲ್ಲಿ ಒಬ್ಬ ಹೆಂಗಸು ಮಂಡಿಯೂರಿ ಕೂತು ಕೋಳಿಗೂಡೊಂದರ ಬುಡ ತಡವುತ್ತಿದ್ದಾರೆ. ಬಲಗೈಗೆ ಚರ್ಮದ ಹಳೇ ಗ್ಲೌಸು, ಎಡಗೈ ಬರಿಗೈ. ಎಡಗೈಯ ಬೆರಳುಗಳು ಜಾಲರಿಯ ಅಂಚಿನುದ್ದಕ್ಕೂ ಮೆಲ್ಲಗೆ ಸರಿಯುತ್ತ ಹೋಗಿ ಒಂದು ಮೂಲೆಯಲ್ಲಿ ನಿಲ್ಲುತ್ತವೆ. ಅಲ್ಲಿ ಮಣ್ಣು ಸಡಿಲವಾಗಿದೆ. ಒಳಗಿನ ಹೇಂಟೆಗಳು ಕೊರ್ ಕೊರ್ ಎಂದು ಗೊಣಗುತ್ತ ಮೆಟ್ಟಿಲು ಇಳಿಯುತ್ತವೆ. ಹುಂಜ ಮಾತ್ರ ತನಗೂ ಇದಕ್ಕೂ ಸಂಬಂಧವಿಲ್ಲ ಎಂಬಂತೆ ಮೇಲಿನ ಕೋಲಿನ ಮೇಲೇ ಕೂತಿದೆ.

"ಅಜ್ಜೀ, ಎದ್ದಿದೀರಾ? ನಿನ್ನೆ ಮುಸ್ಸಂಜೆ ನಿಮ್ಮನೆಗೆ ನೆಂಟರು ಬಂದಿದ್ರು, ಗೊತ್ತಾಯ್ತಾ?"

ಹಿತ್ತಿಲ ಬಾಗಿಲಿಗೆ ಬಂದ ಮುದುಕಿ ಕಣ್ಣುಜ್ಜಿಕೊಳ್ಳುತ್ತಾರೆ. "ಯಾವ ನೆಂಟರೇ?"

"ಮುಂಗುಸಿ. ಇಲ್ಲಿ ಅಗೆದಿದೆ ನೋಡಿ. ಅಗೆದೂ ಅಗೆದೂ ಸುಸ್ತಾಗಿ, ಇವಳ ಮನೆ ಸಹವಾಸ ಬೇಡ ಅಂತ ವಾಪಸ್ ಹೋಗಿದೆ."

ಅಜ್ಜಿ ಒಂದೊಂದಾಗಿ ಕೋಳಿಗಳ ಕಡೆ ಬೆರಳು ಮಾಡಿ ತುಟಿಯಲ್ಲೇ ಎಣಿಸುತ್ತಾರೆ. "ಎಲ್ಲಾ ಇದಾವಲ್ಲ, ಬಿಡು," ಎಂದು ಒಳಗೆ ಹೋಗುತ್ತಾರೆ.

ಎಲ್ಲಾ ಇದಾವಲ್ಲ, ಬಿಡು. ಗೂಡಕ್ಕನ ವೃತ್ತಿಯಲ್ಲಿ ಸಿಗುವ ಅತಿ ದೊಡ್ಡ ಪ್ರಶಸ್ತಿ ಇದು. ಇದಕ್ಕಿಂತ ದೊಡ್ಡದು ಇಷ್ಟು ವರ್ಷದಲ್ಲಿ ಅವರಿಗೆ ಸಿಕ್ಕಿಲ್ಲ. ಸಿಗುವ ಲಕ್ಷಣವೂ ಇಲ್ಲ.

ಗೂಡಕ್ಕ ಎಂದು ಮೊದಲು ಯಾರು ಕರೆದರೋ, ಈಗ ಪಡಿತರ ಅಂಗಡಿಯವನೂ ಹಾಗೇ ಕರೆಯುತ್ತಾನೆ. ಹಿತ್ತಿಲಲ್ಲಿ ನಾಲ್ಕು ಕೋಳಿ ಸಾಕಿಕೊಂಡವರಿಗೆ ಗೂಡು ಕಟ್ಟಿಕೊಡುವುದು, ಕಟ್ಟಿದ ಗೂಡು ರಿಪೇರಿ ಮಾಡುವುದು, ಬೆಳಗಾದರೆ ಓಣಿ ಸುತ್ತಿ ಯಾವುದರ ಚಿಲಕ ಸಡಿಲವಾಗಿದೆ, ಯಾವುದರ ಜಾಲರಿ ತುಕ್ಕು ಹಿಡಿದಿದೆ ಎಂದು ನೋಡುವುದು ಅವರ ಕೆಲಸ. ಕಟ್ಟುವುದಕ್ಕೆ, ರಿಪೇರಿಗೆ ಕೂಲಿ ಉಂಟು. ಬೆಳಗಿನ ಸುತ್ತಿಗೆ ಇಲ್ಲ. "ಮಾಡಿದ ಕೆಲಸ ನೋಡ್ಕೊಳ್ಳೋಕೂ ಕೂಲಿ ಕೇಳೋದಾ?" ಎನ್ನುತ್ತಾರೆ. ಹೆಚ್ಚು ಒತ್ತಾಯಿಸಿದರೆ ರೇಗುತ್ತಾರೆ. ರೇಗುವುದು ಅವರಿಗೆ ಸುಲಭವಾಗಿ ಬರುತ್ತದೆ.

ಮೊದಲು ಅವರು ಗಾಜಿನ ಬಾಟಲಿ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿದ್ದರು. ಬಾಟಲಿ ತುಂಬುವ ಮರದ ಪೆಟ್ಟಿಗೆಗಳಿಗೆ ಮೊಳೆ ಹೊಡೆದು ತಂತಿ ಬಿಗಿಯುವ ಕೆಲಸ. ಮರದ ಪೆಟ್ಟಿಗೆ ಹೋಗಿ ಪ್ಲಾಸ್ಟಿಕ್ ಪೆಟ್ಟಿಗೆ ಬಂದ ದಿನ ವಿಭಾಗಕ್ಕೇ ಬೀಗ ಬಿತ್ತು. ಉಳಿದ ಪೆಟ್ಟಿಗೆಗಳನ್ನು ಬೇಕಾದವರು ಒಯ್ಯಬಹುದು ಎಂದರು. ಉಳಿದವರು ಒಲೆಗೆ ಸೌದೆಯಾಯಿತು ಎಂದು ಹೊತ್ತುಕೊಂಡು ಹೋದರು. ಗೂಡಕ್ಕ ಪಕ್ಕದ ಮನೆಯವರಿಗೆ ಒಂದು ಕೋಳಿಗೂಡು ಮಾಡಿಕೊಟ್ಟರು. ಅದನ್ನು ನೋಡಿ ಆಚೆ ಮನೆಯವರು ಕೇಳಿದರು. ಹೀಗೆ ಕೈ ಕೆಲಸ ಬಿಡಲಿಲ್ಲ.

ಗಂಡ ರಸ್ತೆ ತಿರುವಿನಲ್ಲಿ ಕ್ಷೌರದಂಗಡಿ ಇಟ್ಟಿದ್ದಾರೆ. ಹೆಂಡತಿಯ ಬಗ್ಗೆ ಕೇಳಿದರೆ ಗಿರಾಕಿಯ ಕಿವಿಯ ಪಕ್ಕ ಕತ್ತರಿ ನಿಲ್ಲಿಸಿ ನಗುತ್ತಾರೆ. "ಕತ್ತರಿ ಹಿಡಿಯೋನು ನಾನು ಅಂತ ಊರಿಗೆಲ್ಲಾ ಗೊತ್ತು. ಆದ್ರೆ ನನ್ನ ಕತ್ತರಿ ನೋಡಿ ಒಂದು ಇಲೀನೂ ಹೆದರಿಲ್ಲ ಸ್ವಾಮಿ. ಅವಳು ಇಕ್ಕಳ ಹಿಡ್ಕೊಂಡು ಓಣಿಗೆ ಬಂದ್ರೆ ಕಾಡುಬೆಕ್ಕು ಪೇಟೆ ಬಿಟ್ಟು ಓಡುತ್ತೆ."

ಗೂಡಕ್ಕನಿಗೆ ಪ್ರಾಣಿಗಳ ಮೇಲೆ ಸಿಟ್ಟಿಲ್ಲ. ಕಾಡುಬೆಕ್ಕು, ಮುಂಗುಸಿ, ಮರಿ ಎತ್ತುವ ಹದ್ದು, ಮೊಟ್ಟೆಗೆ ಬರುವ ಕೇರೆಹಾವು, ನೆಲದಡಿಯಿಂದ ದಾರಿ ಮಾಡಿಕೊಂಡು ಬರುವ ಹೆಗ್ಗಣ, ಎಲ್ಲದರ ಬಗ್ಗೆಯೂ ಬೀದಿಯ ತಂಟೆಕೋರ ಮಕ್ಕಳ ಬಗ್ಗೆ ಮಾತಾಡುವ ಹಾಗೆ ಮಾತಾಡುತ್ತಾರೆ. ಜಾಲರಿಯನ್ನು ಬುಡಕ್ಕೇ ನಿಲ್ಲಿಸದೆ ಮಣ್ಣಿನೊಳಗೆ ಹೊರಕ್ಕೆ ಒಂದು ಮೊಳ ಮಡಚಿ ಹಾಸುತ್ತಾರೆ. ಅಗೆಯುವ ಪ್ರಾಣಿಗೆ ಎಲ್ಲಿ ಉಗುರು ಹಾಕಿದರೂ ತಂತಿಯೇ ಸಿಗಬೇಕು. ಹಿತ್ತಿಲಿಗೆ ವಿಷ ಇಡುವ ಮನೆಗೆ ಮಾತ್ರ ಅವರು ಹೋಗುವುದಿಲ್ಲ. "ವಿಷ ಇಟ್ಟವರ ಮನೆ ಕೋಳೀನೇ ಮೊದಲು ಅದನ್ನ ಕುಕ್ಕಿದ್ದು ನಾನು ನೋಡಿದೀನಿ. ಮುಂಗುಸಿಗೆ ಹಸಿವಾಗುತ್ತೆ, ಬರುತ್ತೆ. ನೀನು ಬಾಗಿಲು ಸರಿಯಾಗಿ ಹಾಕ್ಕೊಳ್ಳೋ ಸೋಮಾರಿ ಅಂತೀನಿ."

ಹಾಗಾದರೆ ಅವರ ಸಿಟ್ಟು ಯಾರ ಮೇಲೆ? ಅದಕ್ಕೆ ಕಳೆದ ವರ್ಷದ ಕತೆ ಹೇಳಬೇಕು. ಈ ಓಣಿಯಲ್ಲಿ ಎಲ್ಲರಿಗೂ ಗೊತ್ತಿರುವ, ಯಾವ ಕಡತದಲ್ಲೂ ಇಲ್ಲದ ಕತೆ.

ಸಾಲುಮನೆಗಳು ಮುಗಿಯುವಲ್ಲಿ ಒಂದು ಖಾಲಿ ಜಾಗವಿದೆ. ಮೊದಲು ಅಲ್ಲಿ ಮಕ್ಕಳು ಚೆಂಡಾಡುತ್ತಿದ್ದರು. ಆಮೇಲೆ ಮುಳ್ಳುಪೊದೆ ಬೆಳೆಯಿತು, ಆಮೇಲೆ ವಾಸನೆ ಶುರುವಾಯಿತು. ಯಾರೋ ಕೋಳಿ ಮಾಂಸದ ಅಂಗಡಿಗಳ ಕಸವನ್ನು ತಂದು ಸುರಿಯುತ್ತಿದ್ದರು: ಕರುಳು, ತಲೆ, ಕಾಲು, ರಕ್ತ ಮೆತ್ತಿದ ಪುಕ್ಕ. ನಾಯಿಗಳು ಬಂದವು. ಮೊದಲು ಎರಡು ಮೂರು, ಆಮೇಲೆ ಹಿಂಡು. ಸಾಮಾನ್ಯ ಬೀದಿನಾಯಿಯ ಹಾಗೆ ಬಡಕಲಲ್ಲ, ಮೈ ತುಂಬಿಕೊಂಡು ಮಿರಮಿರ ಮಿನುಗುವ ನಾಯಿಗಳು. ಓಣಿಯವರು ನಗರಸಭೆಗೆ ದೂರು ಕೊಟ್ಟರು. ನೋಡೋಣ ಎಂದರು. ಮತ್ತೆ ಕೊಟ್ಟರು. ಮತ್ತೆ ನೋಡೋಣ ಎಂದರು. ಯಾರೂ ಬಂದು ನೋಡಲಿಲ್ಲ.

ಒಮ್ಮೆ ಏನೋ ಮುಷ್ಕರವೆಂದು ಮಾಂಸದ ಅಂಗಡಿಗಳು ಸಾಲಾಗಿ ಕೆಲವು ದಿನ ಮುಚ್ಚಿದವು. ಖಾಲಿ ಜಾಗಕ್ಕೆ ಕಸ ಬರಲಿಲ್ಲ. ಹಸಿದ ಹಿಂಡು ಒಂದು ಬೆಳಗಿನ ಜಾವ ಓಣಿಗೆ ನುಗ್ಗಿತು.

ಬಟ್ಟೆ ಹೊಲಿಯುವ ಹೆಂಗಸೊಬ್ಬರ ಹಿತ್ತಿಲು ಮೊದಲು ಸಿಕ್ಕಿತು. ಗಂಡನಿಲ್ಲದ ಮನೆ, ಒಬ್ಬಳೇ ಮಗಳು. ಕಾಲೇಜಿಗೆ ಸೇರಿದ ಆ ಹುಡುಗಿಯ ಬಸ್ಸು, ಪುಸ್ತಕ ಎಲ್ಲ ಮೊಟ್ಟೆಯಲ್ಲೇ ನಡೆಯುತ್ತಿತ್ತು. ಗೂಡು ಕಟ್ಟಿದ್ದು ಗೂಡಕ್ಕನೇ. ಜಾಲರಿ ಹರಿಯಲಿಲ್ಲ, ಚಿಲಕ ತೆರೆಯಲಿಲ್ಲ. ಆದರೆ ಅಷ್ಟೂ ನಾಯಿಗಳು ಮೇಲೆ ಬಿದ್ದ ಭಾರಕ್ಕೆ ಬಾಗಿಲು ಚೌಕಟ್ಟಿನ ಸಮೇತ ಕಿತ್ತುಬಂತು. ಓಣಿಯವರು ಕೋಲು ಹಿಡಿದು ಓಡಿಬರುವ ಹೊತ್ತಿಗೆ ಹಿತ್ತಿಲ ತುಂಬ ಪುಕ್ಕ. ಕಾವು ಕೂತಿದ್ದ ಒಂದು ಹೇಂಟೆ ಬುಟ್ಟಿಯಲ್ಲೇ ಸತ್ತಿತ್ತು, ಅದರಡಿಯ ಮೊಟ್ಟೆಗಳು ಇನ್ನೂ ಬೆಚ್ಚಗಿದ್ದವು.

ಗೂಡಕ್ಕ ಬಂದಾಗ ಹೊಲಿಗೆಯವರು ಆ ಬುಟ್ಟಿ ಹಿಡಿದುಕೊಂಡು ನಿಂತಿದ್ದರು. "ನಿನ್ನ ಗೂಡು ನಂಬಿ ಮಲಗಿದ್ನಲ್ಲೇ," ಎಂದರು. "ನಿನ್ನ ಕೈಗಿಷ್ಟು ಬೆಂಕಿ ಬೀಳ."

ಯಾರಾದರೂ ಏನಾದರೂ ಅಂದರೆ ಎರಡರಷ್ಟು ತಿರುಗಿಸಿ ಕೊಡುವ ಗೂಡಕ್ಕ ಅವತ್ತು ಕೂತು ಪುಕ್ಕ ಗುಡಿಸಿದರು. "ಅವಳು ಬೈದಿದ್ದರಲ್ಲಿ ತಪ್ಪೇನಿದೆ?" ಎಂದು ಈಗ ಕೇಳುತ್ತಾರೆ. "ಮುಂಗುಸಿ, ಬೆಕ್ಕು ಅಂತ ಯೋಚನೆ ಮಾಡಿ ಕಟ್ಟಿದ ಬಾಗಿಲು ಅದು. ಇಂಥಾ ಹಿಂಡು ಬರುತ್ತೆ ಅಂತ ನನ್ನ ತಲೆಗೆ ಹೊಳೀಲಿಲ್ಲ. ಹೊಳೀಬೇಕಿತ್ತು. ಆ ವಾಸನೆ ನನ್ನ ಮೂಗಿಗೂ ಬರ್ತಿತ್ತಲ್ಲ."

ಇಷ್ಟು ದಿನ ನೋಡೋಣ ಎಂದ ನಗರಸಭೆಯವರು ಆಗ ನೋಡಲು ಬಂದರು! ಆರೋಗ್ಯ ವಿಭಾಗದ ಒಬ್ಬ ನೌಕರ, ಕೈಯಲ್ಲೊಂದು ಫೈಲು. ಖಾಲಿ ಜಾಗದ ಕಡೆ ತಿರುಗಿಯೂ ನೋಡದೆ ಹಿತ್ತಿಲುಗಳನ್ನು ಸುತ್ತಿ ತೀರ್ಪು ಕೊಟ್ಟೇಬಿಟ್ಟ. ಕೋಳಿ ಇರುವುದರಿಂದಲೇ ನಾಯಿ ಬರುತ್ತಿವೆ, ಒಂದು ವಾರದಲ್ಲಿ ಎಲ್ಲ ಗೂಡು ತೆಗೆಯಬೇಕು, ಇಲ್ಲದಿದ್ದರೆ ತಾವೇ ಬಂದು ಕೀಳುತ್ತೇವೆ.

ಕೋಳಿ ಕಳೆದುಕೊಂಡವರೇ ತಪ್ಪಿತಸ್ಥರು. ಕಸ ಸುರಿದವರ ಸುದ್ದಿಯೇ ಇಲ್ಲ.

ಮರುದಿನ ನಸುಕಿನಲ್ಲಿ ಗೂಡಕ್ಕ ಓಣಿ ಸುತ್ತುವ ಬದಲು ನೆಟ್ಟಗೆ ಖಾಲಿ ಜಾಗಕ್ಕೆ ಹೋಗಿ ಪೊದೆಯ ಪಕ್ಕ ನಿಂತರು. ಅಂಗಡಿಗಳು ಮತ್ತೆ ತೆರೆದಿದ್ದವು, ಕಸ ಬರಲೇಬೇಕಿತ್ತು. ಬಂತು. ದೀಪ ಆರಿಸಿಕೊಂಡು ಒಂದು ಟೆಂಪೋ ಹಿಮ್ಮುಖವಾಗಿ ಬಂದು ನಿಂತಿತು. ಇಳಿದ ಚಾಲಕ ಮೂಗಿಗೆ ಕರವಸ್ತ್ರ ಕಟ್ಟಿದ್ದ. ಹಿಂದಿನ ಬಾಗಿಲು ಬಿಚ್ಚಿ, ಡ್ರಮ್ಮಿಗೆ ಕೈ ಹಾಕಿದ. ಎಡಗಾಲನ್ನು ಸ್ವಲ್ಪ ಎಳೆದು ನಡೆಯುವ ಆ ನಡಿಗೆ ನೋಡಿ ಗೂಡಕ್ಕನಿಗೆ ಮುಖ ನೋಡಬೇಕಾಗಿ ಬರಲಿಲ್ಲ.

ಅವರ ತಮ್ಮ. ಅಮ್ಮ ಹೋದಾಗ ಅಂಬೆಗಾಲಿಡುತ್ತಿದ್ದವನು. ಗೂಡಕ್ಕನೇ ಸೊಂಟದ ಮೇಲೆ ಕೂರಿಸಿಕೊಂಡು ಬೆಳೆಸಿದ್ದು. ಮದುವೆ ಮಾಡಿದ್ದೂ ಅವರೇ, ವಾಹನ ಓಡಿಸುವ ಲೈಸೆನ್ಸಿಗೆ ಕೈಬಳೆ ಅಡವಿಟ್ಟದ್ದೂ ಅವರೇ. ಕೋಳಿ ಸಗಟು ವ್ಯಾಪಾರಿಯೊಬ್ಬನ ಹತ್ತಿರ ಕೆಲಸಕ್ಕಿದ್ದಾನೆ ಎಂದು ಗೊತ್ತಿತ್ತು. ಅಂಗಡಿಗಳಿಗೆ ಕೋಳಿ ಹಾಕಿ ಬರುತ್ತಾನೆ ಎಂದುಕೊಂಡಿದ್ದರು. ವಾಪಸ್ ಬರುವಾಗ ಏನು ತುಂಬಿಕೊಂಡು ಬರುತ್ತಾನೆ ಎಂದು ಕೇಳಿರಲಿಲ್ಲ.

"ಏನೋ ಇದು?"

ತಮ್ಮ ಬೆಚ್ಚಿಬಿದ್ದ. ಕರವಸ್ತ್ರ ಕೆಳಗೆ ಎಳೆದ. "ಅಕ್ಕಾ... ಯಜಮಾನ್ರು ಹೇಳಿದ್ದು. ಕಸದ ಗುಂಡಿ ಊರಾಚೆ ಇದೆ, ಅಲ್ಲಿಗೆ ಹೋಗಿ ಬಂದ್ರೆ ಡೀಸೆಲ್ ಯಾಕಿಷ್ಟು ಅಂತಾರೆ. ಹತ್ತಿರದಲ್ಲೇ ಎಲ್ಲಾದ್ರೂ ಹಾಕು ಅಂದ್ರು."

"ಹತ್ತಿರ ಅಂದ್ರೆ ನಿನ್ನ ಅಕ್ಕನ ಮನೆ ಹಿಂದೇನಾ?"

"ಖಾಲಿ ಜಾಗ ಅಲ್ವಾ? ಯಾರಿಗೇನು ತೊಂದರೆ ಅಂತ..." ಅವನ ಮಾತು ಅಲ್ಲೇ ನಿಂತಿತು. ಹೊಲಿಗೆಯವರ ಮನೆಯ ಸುದ್ದಿ ಅವನ ಕಿವಿಗೂ ಬಿದ್ದಿತ್ತು. "ನನ್ನ ಹೊಟ್ಟೆ ಮೇಲೆ ಹೊಡೀಬೇಡಕ್ಕ. ಯಾರಿಗೂ ಹೇಳ್ಬೇಡ. ಎರಡು ಮಕ್ಕಳಿದಾವೆ ನನಗೆ."

ಗೂಡಕ್ಕ ಮನೆಗೆ ಬಂದು ಗಂಡನ ಮುಂದೆ ಕೂತರು. ಕ್ಷೌರಿಕರಿಗೆ ಅವತ್ತು ತಮಾಷೆ ಹೊಳೆಯಲಿಲ್ಲ. "ಸುಮ್ನಿದ್ದುಬಿಡೇ," ಎಂದರು. "ನಾವೇ ಅವನನ್ನ ಬೀದಿಗೆ ಹಾಕೋದಾ?" ಗೂಡಕ್ಕ ಸುಮ್ಮನಿದ್ದರು. ಆ ವಾರವೆಲ್ಲ ಸುಮ್ಮನಿದ್ದರು. ಹೊಲಿಗೆಯವರ ಮಗಳು ಬಸ್ಸು ಬಿಟ್ಟು ಕಾಲೇಜಿಗೆ ನಡೆದು ಹೋಗುವುದನ್ನು ದಿನಾ ನೋಡುತ್ತ ಸುಮ್ಮನಿದ್ದರು. ಜೀವನದಲ್ಲಿ ಅಷ್ಟು ಉದ್ದದ ವಾರ ಇನ್ನೊಂದಿಲ್ಲ ಎನ್ನುತ್ತಾರೆ.

ವಾರ ಮುಗಿದ ಮೇಲೆ ನೌಕರ ಬಂದ. ಜೊತೆಗೆ ಹಾರೆ ಹಿಡಿದ ಇಬ್ಬರು ಆಳುಗಳು. ಓಣಿಯ ಹೆಂಗಸರೆಲ್ಲ ಹಿತ್ತಿಲಿಗೆ ಬಂದರು. ಗೂಡಕ್ಕ ಅಜ್ಜಿಯ ಗೂಡಿಗೆ ಬೆನ್ನು ಕೊಟ್ಟು ನಿಂತರು.

"ಗೂಡಿದ್ರೆ ನಾಯಿ ಬರುತ್ತಮ್ಮ. ಗೂಡೇ ಇಲ್ಲದಿದ್ರೆ ಯಾಕೆ ಬರುತ್ತೆ?" ಎಂದ ನೌಕರ.

"ಹಾಗಾದ್ರೆ ಕಳ್ಳರು ಬರ್ತಾರೆ ಅಂತ ಮನೆಗಳನ್ನೂ ಕೆಡವಿಬಿಡಿ ಸ್ವಾಮಿ. ನಾಯಿಗೆ ದಿನಾ ತಂದು ಬಡಿಸ್ತಿರೋರು ಯಾರು ಅಂತ ಯಾಕೆ ಕೇಳಲ್ಲ ನೀವು?"

"ಯಾರು ಹಾಕ್ತಾರೆ ಅಂತ ಯಾರಿಗಮ್ಮ ಗೊತ್ತು? ಕಣ್ಣಾರೆ ನೋಡಿದೋರು ಇದಾರಾ? ಸುಮ್ನೆ ಯಾರ ಮೇಲೋ ಹೇಳೋಕಾಗುತ್ತಾ?"

"ನಾನು ನೋಡಿದೀನಿ," ಎಂದರು ಗೂಡಕ್ಕ. "ಕೋಳಿ ಸಗಟು ವ್ಯಾಪಾರಿ ಟೆಂಪೋ. ಓಡಿಸೋನು ನನ್ನ ತಮ್ಮ."

ಹೊಲಿಗೆಯವರು ಗೂಡಕ್ಕನನ್ನೇ ನೋಡುತ್ತ ನಿಂತಿದ್ದರು. ಆಮೇಲೆ ನಿಧಾನಕ್ಕೆ ನಡೆದುಬಂದು ಅದೇ ಗೂಡಿಗೆ ಬೆನ್ನು ಕೊಟ್ಟು ಪಕ್ಕದಲ್ಲಿ ನಿಂತರು. ನೋಡನೋಡುತ್ತಿದ್ದಂತೆ ಒಂದೊಂದು ಗೂಡಿನ ಮುಂದೂ ಜನ ನಿಂತರು. ಹಾರೆಯವರು ನೌಕರನ ಮುಖ ನೋಡಿದರು. ನೌಕರ ಫೈಲು ನೋಡಿದ. ವ್ಯಾಪಾರಿಯ ಸುದ್ದಿ ಬರುತ್ತಲೇ ಅವನ ದನಿ ಇಳಿದುಹೋಗಿತ್ತು. "ಮೇಲಿನವರ ಹತ್ತಿರ ಮಾತಾಡ್ತೀನಿ," ಎಂದು ಹೊರಟ. ಆ ಮೇಲಿನವರು ಯಾರು, ಏನು ಮಾತಾಡಿದ ಎಂಬುದು ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಮೇಲಿನವರಿಗೆ ಕಾಯುತ್ತ ಕೂರುವ ಜಾಯಮಾನ ಗೂಡಕ್ಕನದಲ್ಲ. ಮರುದಿನ ನಸುಕಿಗೆ ಟೆಂಪೋ ಬಂದಾಗ ಖಾಲಿ ಜಾಗದ ಬಾಯಿಗೆ ಅಡ್ಡಲಾಗಿ ಹೆಂಗಸರು ನಿಂತಿದ್ದರು, ನಡುವೆ ಅವನ ಅಕ್ಕ. ತಮ್ಮ ಹಾರ್ನ್ ಮಾಡಿದ. ಯಾರೂ ಕದಲಲಿಲ್ಲ. ಇಳಿದು ಬಂದ.

"ಹೇಳ್ಬೇಡ ಅಂದಿದ್ನಲ್ಲಕ್ಕ."

"ಅಂದಿದ್ದೆ. ನಾನೂ ವಾರ ಪೂರ್ತಿ ಬಾಯಿ ಮುಚ್ಕೊಂಡಿದ್ದೆ. ಅನ್ನ ಇಳೀಲಿಲ್ಲ ಕಣೋ." ಗೂಡಕ್ಕ ಟೆಂಪೋದ ಇನ್ನೊಂದು ಕಡೆಯ ಬಾಗಿಲು ತೆಗೆದು ಒಳಗೆ ಹತ್ತಿ ಕೂತರು. "ನಡಿ. ಇದು ಯಾರದ್ದೋ ಅವರ ಮನೆ ಬಾಗಿಲಿಗೇ ಹೋಗೋಣ."

ಸಗಟು ವ್ಯಾಪಾರಿಯ ಅಂಗಡಿ ಮುಖ್ಯರಸ್ತೆಯಲ್ಲಿದೆ. ಬಿಳಿ ಟೈಲ್ಸಿನ ಗೋಡೆ, ಗಾಜಿನ ಬಾಗಿಲು. ಅದರ ಮುಂದೆ, ತುಂಬಿದ ಡ್ರಮ್ಮುಗಳ ಸಮೇತ ಟೆಂಪೋ ನಿಂತಿತು. ಗೂಡಕ್ಕ ಇಳಿಯಲಿಲ್ಲ. ಬಿಸಿಲೇರಿತು. ಗಿರಾಕಿಗಳು ಮೂಗು ಮುಚ್ಚಿಕೊಂಡು ಬಾಗಿಲವರೆಗೆ ಬಂದು ತಿರುಗಿದರು. ವ್ಯಾಪಾರಿ ಹೊರಗೆ ಬಂದು ಕೂಗಾಡಿದ. "ನಾಲ್ಕು ಕೋಳಿ ಸಾಕೋಳಿಗೆ ಇಷ್ಟು ಕೊಬ್ಬಾ? ಇದನ್ನೆಲ್ಲ ತಂದು ನನ್ನ ಅಂಗಡಿ ಮುಂದೆ ಇಟ್ಟರೆ ವ್ಯಾಪಾರ ಹೇಗೆ ಮಾಡೋದು?"

"ಅದನ್ನೇ ನಾವೂ ಕೇಳ್ತಿರೋದು ಯಜಮಾನ್ರೇ. ಇದನ್ನ ಮನೆ ಹಿಂದೆ ಇಟ್ಕೊಂಡು ಸಂಸಾರ ಹೇಗೆ ಮಾಡೋದು?"

ಮಧ್ಯಾಹ್ನದ ಹೊತ್ತಿಗೆ ವ್ಯಾಪಾರಿ ಸೋತ. ಇನ್ನೊಬ್ಬ ಚಾಲಕನನ್ನು ಕರೆಸಿ, ಟೆಂಪೋವನ್ನು ಊರಾಚೆಯ ಗುಂಡಿಗೆ ಕಳಿಸಿದ. ಅಂದಿನಿಂದ ಕಸ ಅಲ್ಲಿಗೇ ಹೋಗುತ್ತಿದೆ. ಆದರೆ ಅವನು ಮೊದಲು ಮಾಡಿದ ಕೆಲಸವೆಂದರೆ ತಮ್ಮನ ಕೈಯಿಂದ ಕೀಲಿ ಕಿತ್ತುಕೊಂಡದ್ದು. ತಮ್ಮ ರಸ್ತೆಯಲ್ಲಿ ನಿಂತು ಅಕ್ಕನನ್ನು ನೋಡಿದ.

"ಸಂತೋಷನಾ ಈಗ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಹೊರಟುಹೋದ.

ತಪ್ಪು ಮಾಡಿಸಿದವನು ಇವತ್ತಿಗೂ ಅದೇ ಟೈಲ್ಸಿನ ಗೋಡೆಯ ಮುಂದೆ ಕೂತು ವ್ಯಾಪಾರ ಮಾಡುತ್ತಿದ್ದಾನೆ. ಒಂದು ದಂಡವಿಲ್ಲ, ಒಂದು ವಿಚಾರಣೆಯಿಲ್ಲ. ಕೆಲಸ ಹೋದದ್ದು ಅವನು ಹೇಳಿದಂತೆ ಕೇಳಿದವನದು. ಕೋಳಿ ಹೋದದ್ದು ಬಟ್ಟೆ ಹೊಲಿಯುವವರದು. ತಮ್ಮ ಹೋದದ್ದು ಗೂಡಕ್ಕನದು. ಇದನ್ನು ಹೇಳುವಾಗ ಗೂಡಕ್ಕನ ದನಿ ಏರುತ್ತದೆ. "ಅವನ ಗಾಜಿನ ಬಾಗಿಲಿಗೆ ಒಂದು ಕಲ್ಲು ಹಾಕಿ ಬರ್ತೀನಿ ಅಂತ ಎಷ್ಟು ಸಲ ಹೊರಟಿದೀನೋ. ಗಾಜು ಗುಡಿಸೋಳು ಯಾವಳೋ ಬಡವಿ ಆಗಿರ್ತಾಳೆ ಅಂತ ಸುಮ್ನಾಗಿದೀನಿ."

ತಮ್ಮ ತಿಂಗಳುಗಟ್ಟಲೆ ಮಾತಾಡಲಿಲ್ಲ. ಕ್ಷೌರಕ್ಕೆ ಮಾತ್ರ ಭಾವನ ಅಂಗಡಿಗೇ ಬರುತ್ತಿದ್ದ, ಕೂದಲು ಬೆಳೆದಿರದಿದ್ದರೂ ಬರುತ್ತಿದ್ದ. ಕೊನೆಗೆ ಪೀಠೋಪಕರಣದ ಅಂಗಡಿಯೊಂದರಲ್ಲಿ ಸಾಮಾನು ಸಾಗಿಸುವ ಕೆಲಸ ಸಿಕ್ಕಿತು. ಒಂದು ಬೆಳಿಗ್ಗೆ ವ್ಯಾನು ಅಕ್ಕನ ಮನೆ ಮುಂದೆ ನಿಂತಿತು. ಹಿಂದೆ ಕಬ್ಬಿಣದ ಹಳೆಯ ಕಿಟಕಿ ಸರಳಿನ ಚೌಕಟ್ಟು.

"ಯಾರದೋ ಮನೇಲಿ ಕಿತ್ತು ಬಿಸಾಕ್ತಿದ್ರು. ನಿನಗೆ ಬೇಕೇನೋ ಅಂತ."

"ಇಳಿಸು," ಎಂದರು ಗೂಡಕ್ಕ. "ತಿಂಡಿ ಆಯ್ತಾ?"

"ಇಲ್ಲ."

ಅಷ್ಟೇ ಮಾತು. ಅವನು ಒಳಗೆ ಬಂದು ಕೂತ. ಮೊದಲಿನ ಹಾಗಾಗಿದೆಯೇ ಎಂದು ಕೇಳಿದರೆ ಗೂಡಕ್ಕ ಇಲ್ಲವೆನ್ನುತ್ತಾರೆ. ಬರುತ್ತಾನೆ, ಉಣ್ಣುತ್ತಾನೆ, ಹೋಗುತ್ತಾನೆ. ತಮ್ಮನ ಹೆಂಡತಿ ಮಾತ್ರ ಇನ್ನೂ ಈ ಹೊಸಿಲು ತುಳಿದಿಲ್ಲ. "ಅವಳ ಕಷ್ಟ ಅವಳಿಗೆ. ನಾನು ಅವಳ ಜಾಗದಲ್ಲಿದ್ರೂ ಬರ್ತಿರಲಿಲ್ಲ."

ಆ ಕಬ್ಬಿಣದ ಚೌಕಟ್ಟು ಈಗ ಹೊಲಿಗೆಯವರ ಹೊಸ ಗೂಡಿನ ಬಾಗಿಲಾಗಿದೆ. ಓಣಿಯ ಒಂದೊಂದು ಮನೆಯವರೂ ಒಂದೊಂದು ಹೇಂಟೆ ಕೊಟ್ಟರು. ಮತ್ತೆ ಮೊಟ್ಟೆ, ಮತ್ತೆ ಬಸ್ಸು. ಬೈದದ್ದಕ್ಕೆ ಹೊಲಿಗೆಯವರು ಕ್ಷಮೆ ಕೇಳಿದರೇ? "ಕೇಳ್ಲಿಲ್ಲ. ಎರಡು ರವಿಕೆ ಹೊಲಿದು ತಂದಿಟ್ಟು ಹೋದ್ಲು. ಒಂದರ ತೋಳು ಬಿಗಿಯಾಗಿತ್ತು, ಅದಕ್ಕೆ ನಾನೂ ಬೈದೆ. ಸರಿಹೋಯ್ತು."

ನಾಯಿಗಳು ನಿಧಾನವಾಗಿ ಚದುರಿದವು. ಗೂಡು ತೆಗೆಯಬೇಕೆಂದ ನೌಕರ ಮತ್ತೆ ಬರಲಿಲ್ಲ, ತೆಗೆಯಬೇಕಿಲ್ಲ ಎಂದು ಹೇಳುವುದಕ್ಕೂ ಬರಲಿಲ್ಲ. ಆ ಮಾತು ಇನ್ನೂ ಓಣಿಯ ತಲೆಯ ಮೇಲೆ ತೂಗುತ್ತಿದೆ. ನಗರಸಭೆ ಮಾಡಿದ ಕೆಲಸ ಒಂದೇ. ಖಾಲಿ ಜಾಗದ ಮುಂದೆ ಒಂದು ದೊಡ್ಡ ತಗಡಿನ ಫಲಕ ನೆಟ್ಟಿದೆ. ಇಲ್ಲಿ ಕಸ ಹಾಕಬಾರದು ಎಂದು ಕೆಳಗೆ ಸಣ್ಣ ಅಕ್ಷರ. ಅದರ ಮೇಲೆ ಫಲಕದ ಮುಕ್ಕಾಲು ಭಾಗ ತುಂಬುವಂತೆ ವಾರ್ಡಿನ ಸದಸ್ಯರ ಕೈಮುಗಿದ ಫೋಟೋ. ಬಡಾವಣೆಯನ್ನು ಸ್ವಚ್ಛಗೊಳಿಸಿದ್ದಕ್ಕೆ ಅವರಿಗೆ ಅವರ ಅಭಿಮಾನಿಗಳ ಅಭಿನಂದನೆ. ಫಲಕ ನೆಟ್ಟ ದಿನ ಸಮಾರಂಭವೂ ನಡೆಯಿತಂತೆ. ಗೂಡಕ್ಕ ಆಗ ಎರಡು ಓಣಿ ಆಚೆ ಯಾರದೋ ಹಿತ್ತಿಲಲ್ಲಿ ಹೆಗ್ಗಣದ ಬಿಲಕ್ಕೆ ಜಾಲರಿ ಹಾಸುತ್ತಿದ್ದರು. ಅವರನ್ನು ಯಾರೂ ಕರೆದಿರಲಿಲ್ಲ.

ಇಷ್ಟೆಲ್ಲ ಆದ ಮೇಲೆ ನಿಮಗೇನು ಬೇಕು ಎಂದು ಕೇಳಿದರೆ ಗೂಡಕ್ಕ ಇಕ್ಕಳ ಕೆಳಗಿಡುತ್ತಾರೆ. ಫಲಕದ ಕಡೆ ನಡೆದು, ಅದರ ಬೆನ್ನಿಗೆ ಗೆಣ್ಣಿನಿಂದ ಎರಡು ಸಲ ಕುಟ್ಟಿ, ಕಿವಿಗೊಟ್ಟು ಕೇಳುತ್ತಾರೆ.

"ದಪ್ಪ ತಗಡು. ಒಳ್ಳೇ ಮಾಲು ಹಾಕಿದಾರೆ," ಎನ್ನುತ್ತಾರೆ. "ಮುಂದಿನ ಚುನಾವಣೇಲಿ ಫೋಟೋ ಬದಲಾಗುತ್ತಲ್ಲ, ಆಗ ಇದನ್ನ ಬಿಸಾಕದೆ ನನಗೆ ಕೊಡೋಕೆ ಹೇಳಿ. ಆರಾಮಾಗಿ ಎರಡು ಗೂಡಿಗೆ ಸೂರಾಗುತ್ತೆ."